ಎರಡು ಹೆಸರಿನ ಬೀದಿಗಳಲ್ಲಿ ಮೂರು ದಿನ



ಫ್ರಾನ್ಸ್ ಎಂದಾಗ ನಮ್ಮ ಕಾಸರಗೋಡಿನ ಕಡೆಯವರಿಗೆ ಮೊದಲು ನೆನಪಾಗುವುದು ಪ್ಯಾರಿಸ್ ಅಲ್ಲ, ಮಾಹೆ. ತಲಶೇರಿ ದಾಟಿ ತುಸು ಮುಂದೆ ಸಿಗುವ ಆ ಪುಟ್ಟ ಊರು 1954ರವರೆಗೆ ಫ್ರೆಂಚರ ಆಡಳಿತದಲ್ಲಿತ್ತು. ಈಗ ಅದು ಪುದುಚೇರಿಗೆ ಸೇರಿದ್ದು. ಕಲ್ಲಿಕೋಟೆಯ ದಾರಿಯಲ್ಲಿ ಪೆಟ್ರೋಲ್ ಬಂಕು ಮತ್ತು ಬ್ರಾಂದಿ ಅಂಗಡಿಗಳ ಸಾಲು ಕಂಡರೆ ಮಾಹೆ ಬಂತೆಂದು ಲೆಕ್ಕ. ಅರುವತ್ತೈದು ವರ್ಷ ದಾಟುವವರೆಗೆ ನನಗೂ ಫ್ರಾನ್ಸಿನ ಪರಿಚಯ ಅಷ್ಟೇ ಇತ್ತು.

ಇವತ್ತು ನಾನು ಹೇಳಹೊರಟಿರುವುದು 2024ರ ಮೇ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಕಾರಿನಲ್ಲಿ ಮಾಡಿದ ಒಂದು ಪ್ರವಾಸದ ವಿಷಯ. ಶುಕ್ರವಾರ ಬೆಳಿಗ್ಗೆ ಹೊರಟು ಆದಿತ್ಯವಾರ ರಾತ್ರಿ ಮರಳಿದೆವು. ನೋಡಿದ್ದು ಫ್ರಾನ್ಸಿನ ಪೂರ್ವ ಗಡಿಯ ಮೂರು ನಗರಗಳನ್ನು: ಸ್ಟ್ರಾಸ್‌ಬರ್ಗ್, ಕೊಲ್ಮಾರ್ ಮತ್ತು ಮುಲೂಸ್. ಈ ಪ್ರದೇಶದ ಹೆಸರು ಅಲ್ಸಾಸ್. ಹೆಸರು ಹೊಸತೆಂದು ಕಂಡರೂ ನಿಮಗೆ ಅದರ ಪರಿಚಯ ಉಂಟು. ನಾವು ಅಲ್ಸೇಶಿಯನ್ ನಾಯಿ ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ಇಲ್ಲಿಂದಲೇ. ನಾಯಿ ನಿಜವಾಗಿ ಜರ್ಮನ್ ತಳಿಯದ್ದು. ಮೊದಲ ಮಹಾಯುದ್ಧದ ನಂತರ ಜರ್ಮನ್ ಎಂಬ ಶಬ್ದವೇ ಬೇಡವೆನಿಸಿದ ಇಂಗ್ಲಿಷರು ಗಡಿನಾಡಿನ ಹೆಸರನ್ನು ನಾಯಿಗೆ ಇಟ್ಟರು.

ಯುರೋಪಿನ ಎಳೆಯ ಜೋಡಿಗಳು ಕೈ ಕೈ ಹಿಡಿದು ತಿರುಗಾಡಲು ಬರುವ ಜಾಗ ಇದು. ನಾವು ಹೋದದ್ದು ಮದುವೆಯಾಗಿ 38 ವರ್ಷ ಕಳೆದ ಮೇಲೆ. 1986ರಲ್ಲಿ ಮದುವೆಯಾದಾಗ ನನಗೆ ಬ್ಯಾಂಕಿನಲ್ಲಿ ಸಿಕ್ಕಿದ್ದು ಐದು ದಿನಗಳ ರಜೆ. ಅದರಲ್ಲಿ ನೆಂಟರ ಮನೆಗಳ ಸಮ್ಮಾನದ ಊಟ ಮುಗಿಸಿ, ತಂದೆ ತಾಯಿ ತಂಗಿಯರ ಸಮೇತ ಕಟೀಲಿಗೊಮ್ಮೆ ಹೋಗಿ ಬಂದೆವು. ಮತ್ತೆ ಮಕ್ಕಳು, ಸಾಲ, ವರ್ಗಾವಣೆ. ಇಬ್ಬರೇ ಹೋದ ಪ್ರವಾಸ ಎಂಬುದು ಆಗಲೇ ಇಲ್ಲ.

ನಮ್ಮ ಮಗಳು ಮತ್ತು ಅಳಿಯ ಜರ್ಮನಿಯ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾರೆ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಅಲ್ಲಿಗೆ ಹೋಗಿದ್ದೆವು. ಒಂದು ದಿನ ಮಗಳೇ ಹೇಳಿದಳು: “ಅಪ್ಪ, ಈ ವಾರ ಮಗುವನ್ನು ನಾವು ನೋಡಿಕೊಳ್ತೇವೆ. ನೀವಿಬ್ಬರೂ ಕಾರು ತಕ್ಕೊಂಡು ಎಲ್ಲಿಗಾದರೂ ಹೋಗಿ ಬನ್ನಿ. ಅಮ್ಮ ಈ ಮನೆಯಲ್ಲೂ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ.”

ನಿಮ್ಮಲ್ಲೂ ಮಕ್ಕಳು ಪರದೇಶದಲ್ಲಿ ಇರುವವರು ಈಗ ಬಹಳ ಮಂದಿ. ಅವರಿಗೆ ಉಪಯೋಗವಾದೀತೆಂದು ನಾಲ್ಕು ಮಾತು. ಕಾರು ಓಡಿಸುವುದಾದರೆ ಊರಿನಿಂದ ಹೊರಡುವ ಮೊದಲೇ ಆರ್.ಟಿ.ಓ. ಕಚೇರಿಯಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಬೇಕು. ಅದಕ್ಕೆ ಒಂದು ವರ್ಷದ ಅವಧಿ. ನಮ್ಮ ಮೂಲ ಲೈಸನ್ಸ್ ಕೂಡ ಜೊತೆಗಿರಬೇಕು. ಅಳಿಯ ತನ್ನ ಕಾರಿನ ವಿಮೆಯಲ್ಲಿ ನನ್ನ ಹೆಸರನ್ನೂ ಸೇರಿಸಿದ. ಜರ್ಮನಿಗೂ ಫ್ರಾನ್ಸಿಗೂ ಒಂದೇ ವೀಸಾ ಸಾಕು. ಅಲ್ಲಿ ಸ್ಟಿಯರಿಂಗ್ ಎಡಗಡೆ, ಓಡಿಸುವುದು ರಸ್ತೆಯ ಬಲಗಡೆ. ಫ್ರಾನ್ಸಿನ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ಮಿತಿ, ಮಳೆ ಬಂದರೆ 110, ಪೇಟೆಯೊಳಗೆ 50. ಒಂದು ವಿಚಿತ್ರ ನಿಯಮವೂ ಉಂಟು. ಬೋರ್ಡು, ದೀಪ ಯಾವುದೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೇ ಮೊದಲ ಹಕ್ಕು, ಅವನು ಸಣ್ಣ ಓಣಿಯಿಂದ ಬಂದರೂ ಸರಿ. ಇದಕ್ಕೆಲ್ಲ ಹೊಂದಿಕೊಳ್ಳಲು ಮೊದಲು ಒಂದು ವಾರ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಮೂರು ದಿನದಲ್ಲಿ ಓಡಿದ್ದು ಸುಮಾರು 400 ಕಿ.ಮೀ., ಹೆಚ್ಚುಕಡಿಮೆ ನಮ್ಮಲ್ಲಿಂದ ಬೆಂಗಳೂರಿಗೆ ಹೋದಷ್ಟು.

ಕಾರ್ಲ್ಸ್‌ರೂಹೆಯಿಂದ ಸ್ಟ್ರಾಸ್‌ಬರ್ಗಿಗೆ 80 ಕಿ.ಮೀ. ಜರ್ಮನಿಯ ಕೊನೆಯ ಊರು ಕೇಲ್. ಅದು ಮುಗಿದರೆ ರೈನ್ ನದಿ, ಆಚೆ ದಡವೇ ಫ್ರಾನ್ಸ್. ನದಿ ಅಗಲದಲ್ಲಿ ಉಳ್ಳಾಲದ ನಮ್ಮ ನೇತ್ರಾವತಿಯಷ್ಟೂ ಇಲ್ಲ. ಸೇತುವೆ ದಾಟಿ ಸುಮಾರು ದೂರ ಹೋದ ಮೇಲೆ ನನ್ನವಳು ಕೇಳಿದಳು: “ಗಡಿ ಎಲ್ಲಿ ಮಾರಾಯ್ರೇ? ಚೆಕ್‌ಪೋಸ್ಟ್ ಎಂತ ಕಾಣುವುದೇ ಇಲ್ಲ?” “ಗಡಿ ದಾಟಿ ಹತ್ತು ನಿಮಿಷ ಆಯಿತು” ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ತಲಪಾಡಿಯಲ್ಲಿ ಬಸ್ಸು ನಿಂತು ಹೊರಡುವುದನ್ನು ನೋಡಿ ಬೆಳೆದವರು ನಾವು.

ಈ ಗಡಿಯೂ ಸದಾ ಹೀಗೆ ತೆರೆದೇ ಇತ್ತೆಂದು ತಿಳಿಯಬೇಡಿ. 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಗಡಿ ರಸ್ತೆಗಳಿಗೆ ಮಣ್ಣು ಬಿದ್ದದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಯೇ ಉಳಿದದ್ದು ನಮಗೆಲ್ಲ ನೆನಪಿದೆ. ಅದೇ ತಿಂಗಳಲ್ಲಿ ರೈನ್ ಗಡಿಯೂ ಮುಚ್ಚಿತ್ತು. ಕೇಲ್‌ವರೆಗೆ 2017ರಿಂದ ಓಡುತ್ತಿದ್ದ ಸ್ಟ್ರಾಸ್‌ಬರ್ಗಿನ ಟ್ರಾಮ್ ಫ್ರಾನ್ಸಿನ ದಡದಲ್ಲೇ ನಿಂತಿತು. ನಡೆದು ದಾಟುವವರಿಗಾಗಿ ಕಟ್ಟಿದ ಸೇತುವೆಗೂ ಬೇಲಿ ಬಿತ್ತು. ಹಾಗಿದ್ದರೂ ಅಲ್ಸಾಸಿನ ಆಸ್ಪತ್ರೆಗಳಲ್ಲಿ ಜಾಗವಿಲ್ಲದಾದಾಗ ಅಲ್ಲಿನ ಕೆಲವು ರೋಗಿಗಳನ್ನು ನದಿಯಾಚೆಯ ಜರ್ಮನ್ ಆಸ್ಪತ್ರೆಗಳು ಸೇರಿಸಿಕೊಂಡವು. ಮೊದಲೆರಡು ವಿಷಯ ಎರಡೂ ಗಡಿಗಳಲ್ಲಿ ನಡೆದವು. ಮೂರನೆಯದನ್ನು ಕೇಳಿದಾಗ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಸ್ಟ್ರಾಸ್‌ಬರ್ಗಿನ ಪೇಟೆಯೊಳಗೆ ಕಾರು ಕೊಂಡುಹೋಗುವುದು ಬೇಡ. ಊರ ಹೊರಗೆ ಟ್ರಾಮ್ ನಿಲ್ದಾಣಗಳ ಬಳಿ ಕಾರು ನಿಲ್ಲಿಸುವ ಜಾಗಗಳುಂಟು. ಅಲ್ಲಿಯ ಪಾರ್ಕಿಂಗ್ ಚೀಟಿಯಲ್ಲೇ ಕಾರಿನಲ್ಲಿ ಬಂದವರ ಹೋಗಿ ಬರುವ ಟ್ರಾಮ್ ಟಿಕೇಟೂ ಸೇರಿರುತ್ತದೆ. ಲೆಕ್ಕ ಬರೆದು ಬದುಕಿದ ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು.

ಊರ ನಡುವೆ ದೊಡ್ಡ ಇಗರ್ಜಿ. ಅದರ ಒಂದೇ ಒಂದು ಗೋಪುರ 142 ಮೀಟರ್ ಎತ್ತರ. 1647ರಿಂದ 1874ರವರೆಗೆ ಇಡೀ ಲೋಕದಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಕಟ್ಟಿದ್ದು ಪಕ್ಕದ ಬೆಟ್ಟಗಳ ಕೆಂಪು ಮರಳುಗಲ್ಲಿನಿಂದ. ಸಂಜೆಯ ಬಿಸಿಲಿಗೆ ಬೇಕಲ ಕೋಟೆಯ ಮುರಕಲ್ಲಿನ ಹಾಗೆಯೇ ಕಾಣುತ್ತದೆ. ಒಳಗೆ ಒಂದು ದೊಡ್ಡ ಖಗೋಳ ಗಡಿಯಾರ ಇದೆ. ಈಗಿನ ಯಂತ್ರ 1840ರ ಸುಮಾರಿಗೆ ಮಾಡಿದ್ದು. ಮಧ್ಯಾಹ್ನ 12.30ಕ್ಕೆ ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಗೊಂಬೆಗಳು ಸಾಲಾಗಿ ಬರುತ್ತವೆ, ಮೇಲೆ ಒಂದು ಹುಂಜ ಕೂಗುತ್ತದೆ. ಜನ ಅದನ್ನು ನೋಡಲು ಮುತ್ತುತ್ತಾರೆ. ನಮಗೆ ಹಿಡಿಸಿದ್ದು ಅದರ ಕೆಳಗಿನ ಚಿಕ್ಕ ಗೊಂಬೆಗಳು. ಕಾಲು ಗಂಟೆಗೊಮ್ಮೆ ಒಂದೊಂದು ಗೊಂಬೆ ಮೃತ್ಯುವಿನ ಮುಂದೆ ಹಾದು ಹೋಗುತ್ತದೆ. ಮೊದಲು ಮಗು, ಮತ್ತೆ ಹರೆಯದವನು, ಆಮೇಲೆ ನಡುವಯಸ್ಸಿನವನು, ಕೊನೆಗೆ ಮುದುಕ. ಗಂಟೆ ಹೊಡೆಯುವುದು ಮೃತ್ಯುವಿನ ಕೆಲಸ. ನನ್ನವಳು ಮೆಲ್ಲನೆ ಕೇಳಿದಳು: “ನಾವೀಗ ಮೂರನೆಯದೋ ನಾಲ್ಕನೆಯದೋ?” “ಮೂರೂ ಮುಕ್ಕಾಲು” ಎಂದೆ. ಅವಳು ಜೋರಾಗಿ ನಕ್ಕಳು. ಸುತ್ತ ಇದ್ದವರು ತಿರುಗಿ ನೋಡಿದರು.

ಹೊಸ ಜೋಡಿಗಳೆಲ್ಲ ಫೋಟೋ ತೆಗೆಸಿಕೊಳ್ಳುವುದು ಹೊಳೆಯ ಬದಿಯ ಪೆತಿತ್ ಫ್ರಾನ್ಸ್ ಎಂಬ ಕೇರಿಯಲ್ಲಿ. ಹಾಗೆಂದರೆ ಚಿಕ್ಕ ಫ್ರಾನ್ಸ್. ಮರದ ತೊಲೆಗಳ ಹಳೆ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂವಿನ ಚಟ್ಟಿಗಳು, ಕೆಳಗೆ ನೀರು. ಇದು ಹಿಂದೆ ಚರ್ಮ ಹದಮಾಡುವವರ ಕೇರಿ. ಆ ಚೆಂದದ ಹೆಸರು ಬಂದ ಬಗೆಯನ್ನು ಕೇಳಿದರೆ ನಗು ಬಂದೀತು. ಹಳೆಯ ಕಾಲದಲ್ಲಿ ಅಲ್ಲಿ ಗುಪ್ತರೋಗದವರ ಆಸ್ಪತ್ರೆ ಇತ್ತು. ಜರ್ಮನ್ ಮಾತಾಡುವವರು ಆ ರೋಗವನ್ನು ಫ್ರೆಂಚ್ ರೋಗ ಎನ್ನುತ್ತಿದ್ದರು. ಹಾಗಾಗಿ ಆ ಜಾಗ ಚಿಕ್ಕ ಫ್ರಾನ್ಸ್ ಆಯಿತು. ಗಡಿಯವರ ಬುದ್ಧಿ ಎಲ್ಲ ಕಡೆಯೂ ಒಂದೇ. ಕೆಟ್ಟದ್ದೆಲ್ಲ ಆಚೆಯಿಂದ ಬಂದದ್ದು!

ಅಲ್ಲಿಂದ ಹಿಂದೆ ಬರುವಾಗ ನನ್ನವಳು ಬೀದಿಯ ಹೆಸರಿನ ಫಲಕದ ಮುಂದೆ ನಿಂತಳು. “ಇಲ್ಲಿಯೂ ಎರಡೆರಡು ಹೆಸರು ನೋಡಿ!” ಮೇಲಿನ ಸಾಲು ಫ್ರೆಂಚ್, ಕೆಳಗಿನದು ಅಲ್ಸೇಶಿಯನ್. ಅಲ್ಸೇಶಿಯನ್ ಎಂದರೆ ಜರ್ಮನ್ ಬಳಗದ ಮನೆಮಾತು. ಮೇಲೆ ಗ್ರಾಂದ್ ರ್‍ಯೂ ಎಂದಿತ್ತು, ದೊಡ್ಡ ಬೀದಿ. ಕೆಳಗೆ ಲಾಂಗ್‌ಸ್ಟ್ರೋಸ್, ಉದ್ದದ ಬೀದಿ. ಒಂದೇ ಬೀದಿ ಒಂದು ಭಾಷೆಯವರ ಕಣ್ಣಿಗೆ ದೊಡ್ಡದಾಗಿ ಕಂಡಿದೆ, ಇನ್ನೊಬ್ಬರ ಕಣ್ಣಿಗೆ ಉದ್ದವಾಗಿ. ಕುಂಬಳೆಯನ್ನು ಕುಂಬ್ಲ ಎಂದೂ ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಓದಿ ಅಭ್ಯಾಸವಾದ ನಮಗೆ ಆ ಫಲಕ ನೋಡಿ ನೆಂಟರ ಮನೆಗೆ ಬಂದ ಹಾಗಾಯಿತು.

ಈ ನಾಡಿನ ಚರಿತ್ರೆಯನ್ನು ನನಗೆ ತಿಳಿಯುವ ಭಾಷೆಯಲ್ಲಿ, ಎಂದರೆ ದುಡ್ಡಿನ ಲೆಕ್ಕದಲ್ಲಿ ಹೇಳುತ್ತೇನೆ. ಸ್ಟ್ರಾಸ್‌ಬರ್ಗನ್ನು ಫ್ರಾನ್ಸಿನ ಅರಸು ವಶಪಡಿಸಿಕೊಂಡದ್ದು 1681ರಲ್ಲಿ. 1865ರಲ್ಲಿ ಅಲ್ಲಿ ಒಬ್ಬಳು ಹೆಂಗಸು ಹುಟ್ಟಿದಳೆಂದು ಇಟ್ಟುಕೊಳ್ಳಿ. ಅವಳ ತಂದೆಯ ಗಲ್ಲಾಪೆಟ್ಟಿಗೆಯಲ್ಲಿ ಇದ್ದದ್ದು ಫ್ರಾಂಕ್. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಅಲ್ಸಾಸನ್ನು ತೆಗೆದುಕೊಂಡಿತು, ಮಾರ್ಕ್ ಬಂತು. 1918ರಲ್ಲಿ ಜರ್ಮನಿ ಸೋತಿತು, ಪುನಃ ಫ್ರಾಂಕ್. 1940ರಲ್ಲಿ ಹಿಟ್ಲರನ ಸೈನ್ಯ ಬಂತು, ಪುನಃ ಮಾರ್ಕ್. 1944ರ ನವೆಂಬರ್ 23ರಂದು ಸ್ಟ್ರಾಸ್‌ಬರ್ಗ್ ಬಿಡುಗಡೆಯಾಯಿತು, ಪುನಃ ಫ್ರಾಂಕ್. ಆ ಹೆಂಗಸು ಎಂಬತ್ತು ವರ್ಷ ಬದುಕಿದ್ದರೆ ಮನೆ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಿಸಿದ ಹಾಗಾಯಿತು. ಒಂದೊಂದು ಸಲವೂ ಶಾಲೆಯ ಭಾಷೆ ಬದಲಾಯಿತು, ಬೀದಿಯ ಹೆಸರು ಬದಲಾಯಿತು. 1956ರ ಅಕ್ಟೋಬರ್ 31ರಂದು ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿ ಬೆಳಿಗ್ಗೆ ಕೇರಳದಲ್ಲಿ ಎದ್ದ ನಮ್ಮ ಹಿರಿಯರಿಗೆ ಒಂದೇ ಸಲ ಹಾಗಾದದ್ದು. ದೇಶವಾದರೂ ಒಂದೇ ಇತ್ತು.

ಫ್ರಾನ್ಸಿನ ರಾಷ್ಟ್ರಗೀತೆ ಹುಟ್ಟಿದ್ದೂ ಇದೇ ಸ್ಟ್ರಾಸ್‌ಬರ್ಗಿನಲ್ಲಿ, 1792ರ ಏಪ್ರಿಲ್ 25ರ ರಾತ್ರಿ. ಬರೆದವನು ರೂಜೆ ದ ಲೀಲ್ ಎಂಬ ಸೇನಾಧಿಕಾರಿ. ಆಗ ಆ ಊರಿನ ಹೆಚ್ಚಿನ ಜನರ ಮನೆಮಾತು ಫ್ರೆಂಚ್ ಆಗಿರಲಿಲ್ಲ. ದೇಶದ ಹಾಡು ಗಡಿಯ ಊರಿನಲ್ಲಿ, ಬೇರೆ ಮನೆಮಾತಿನವರ ನಡುವೆ ಹುಟ್ಟಿತು ಎಂಬುದನ್ನು ನಾವು ಗಡಿಯವರು ನೆನಪಿಟ್ಟುಕೊಳ್ಳಬೇಕು.

ಸಂಜೆ ರಿಪಬ್ಲಿಕ್ ಚೌಕಕ್ಕೆ ನಡೆದೆವು. ಜರ್ಮನರ ಕಾಲದಲ್ಲಿ ಅದು ಕೈಸರ್ ಚೌಕ. ಅಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕ ಉಂಟು. ಒಬ್ಬ ತಾಯಿ ಕೂತಿದ್ದಾಳೆ. ಸಾಯುತ್ತಿರುವ ಇಬ್ಬರು ಮಕ್ಕಳು ಅವಳಿಗೆ ಒರಗಿದ್ದಾರೆ. ಒಬ್ಬ ಫ್ರಾನ್ಸಿನ ಪರವಾಗಿ ಹೋರಾಡಿದವನು, ಇನ್ನೊಬ್ಬ ಜರ್ಮನಿಯ ಪರವಾಗಿ. ಯಾರು ಯಾವ ಕಡೆಯೆಂದು ಗೊತ್ತಾಗದಂತೆ ಶಿಲ್ಪಿ ಇಬ್ಬರ ಮೈಮೇಲೂ ಸಮವಸ್ತ್ರ ಇಟ್ಟಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದಾರೆ. ಬೇರೆ ಊರುಗಳ ಸ್ಮಾರಕಗಳಲ್ಲಿ ‘ಫ್ರಾನ್ಸಿಗಾಗಿ ಮಡಿದವರು’ ಎಂದು ಬರೆದಿರುತ್ತದೆ. ಇಲ್ಲಿ ‘ನಮ್ಮ ಮೃತರಿಗೆ’ ಎಂದಷ್ಟೇ. ಸ್ಮಾರಕ ನಿಲ್ಲಿಸಿ ಆರೇ ವರ್ಷಕ್ಕೆ ಅದೇ ಕಥೆ ಮರುಕಳಿಸಿತು. 1942ರಿಂದ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್ ಪ್ರದೇಶದ ಸುಮಾರು 1,30,000 ಯುವಕರನ್ನು ಹಿಟ್ಲರನ ಸರಕಾರ ಬಲವಂತವಾಗಿ ತನ್ನ ಸೈನ್ಯಕ್ಕೆ ಸೇರಿಸಿತು. ಅವರಲ್ಲಿ 30,000ಕ್ಕೂ ಮಿಕ್ಕಿ ಮನೆಗೆ ಮರಳಲಿಲ್ಲ. ನನ್ನವಳು ಆ ತಾಯಿಯ ಮುಂದೆ ಬಹಳ ಹೊತ್ತು ನಿಂತಳು. ಅಲ್ಲಿಂದ ವಸತಿಗೆ ಹಿಂದೆ ಬರುವಾಗ ಅವಳೇ ನನ್ನ ಕೈ ಹಿಡಿದುಕೊಂಡಳು. ಪೇಟೆಯ ಬೀದಿಯಲ್ಲಿ ನಾವು ಹಾಗೆ ನಡೆದದ್ದು ಅದೇ ಮೊದಲು.

ಶನಿವಾರ ಕೊಲ್ಮಾರ್ ದಿಕ್ಕಿಗೆ ಹೊರಟೆವು. ಹೆದ್ದಾರಿ ಬಿಟ್ಟು, ಬೆಟ್ಟದ ಬುಡದಲ್ಲಿ ಹೋಗುವ ದ್ರಾಕ್ಷಾರಸದ ರಸ್ತೆ ಹಿಡಿದೆವು. 1953ರಲ್ಲಿ ಪ್ರವಾಸಿಗರಿಗೆಂದು ಗುರುತಿಸಿದ ಈ ರಸ್ತೆ ಸುಮಾರು 170 ಕಿ.ಮೀ. ಉದ್ದ ಇದೆ. ಎರಡೂ ಕಡೆ ದ್ರಾಕ್ಷಿಯ ಬಳ್ಳಿಗಳು ಕಂಬ ತಂತಿಗಳ ಮೇಲೆ ಸಾಲು ಸಾಲು. ಊರುಗಳ ಹೆಸರು ಓದುವುದು ನನ್ನವಳ ಕೆಲಸ. ನಮ್ಮಲ್ಲಿ ಬದಿಯಡ್ಕ, ಪಳ್ಳತ್ತಡ್ಕ ಎಂದು ಅಡ್ಕಗಳಿರುವ ಹಾಗೆ ಅಲ್ಲಿ ಮುಗಿಯುವುದೆಲ್ಲ ಹೈಮ್ ಎಂದು. ಹೈಮ್ ಎಂದರೆ ಮನೆ. ಒಂದು ಊರಿಗಂತೂ ಮೂರು ಹೆಸರು: ಫ್ರೆಂಚಿನಲ್ಲಿ ರಿಬೋವಿಲೆ, ಜರ್ಮನಿನಲ್ಲಿ ರಾಪೋಲ್ಟ್ಸ್‌ವೈಲರ್, ಮನೆಮಾತಿನಲ್ಲಿ ರಾಪ್‌ಶ್ವೀರ್.

ಅಲ್ಲಿಯ ಮಾಡುಗಳ ಮೇಲೆ ದೊಡ್ಡ ಬಿಳಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ, ಎದುರಾದಾಗ ಕೊಕ್ಕು ಬಡಿದು ಟಕಟಕ ಸದ್ದು ಮಾಡುತ್ತವೆ. ಅವುಗಳೇ ಮನೆಗೆ ಮಗುವನ್ನು ತಂದು ಹಾಕುತ್ತವೆಂದು ಅಲ್ಲಿ ಮಕ್ಕಳಿಗೆ ಹೇಳುವುದುಂಟು. ಚಳಿಗಾಲದಲ್ಲಿ ಆಫ್ರಿಕಾಕ್ಕೆ ಹೋದ ಹಕ್ಕಿಗಳು ಬರಗಾಲ, ಬೇಟೆ, ವಿದ್ಯುತ್ ತಂತಿಗಳಿಂದ ಸತ್ತು, 1974ರ ಹೊತ್ತಿಗೆ ಇಡೀ ಅಲ್ಸಾಸಿನಲ್ಲಿ ಹತ್ತು ಜೋಡಿಯೂ ಉಳಿದಿರಲಿಲ್ಲ. ಜನ ಸುಮ್ಮನಿರಲಿಲ್ಲ. 1976ರಲ್ಲಿ ಹುನಾವೀರ್ ಎಂಬ ಹಳ್ಳಿಯಲ್ಲಿ ಕೇಂದ್ರವೊಂದನ್ನು ತೆರೆದರು. ಮರಿಗಳನ್ನು ಮೂರು ವರ್ಷ ಅಲ್ಲಿಯೇ ಸಾಕಿದರೆ ವಲಸೆಯ ಬುದ್ಧಿ ಮರೆಯುತ್ತದೆ, ಮತ್ತೆ ಊರಿನಲ್ಲೇ ನಿಂತು ಗೂಡು ಕಟ್ಟುತ್ತವೆ. ಈಗ ನೂರಾರು ಜೋಡಿಗಳುಂಟು.

ಆ ರಾತ್ರಿ ಒಂದು ಹಳ್ಳಿಯ ಮನೆಯಲ್ಲಿ ಕೋಣೆ ಹಿಡಿದೆವು. ಮನೆಯವರು ಎಪ್ಪತ್ತೈದರ ಆಸುಪಾಸಿನ ಗಂಡ ಹೆಂಡತಿ. ನಾವು ಮಾಂಸ ತಿನ್ನುವುದಿಲ್ಲವೆಂದಾಗ ಅಲ್ಲಿಯ ತೆಳ್ಳಗಿನ ರೊಟ್ಟಿಯ ಮೇಲೆ ಕೆನೆ, ನೀರುಳ್ಳಿ, ಅಣಬೆ ಹಾಕಿ ಸುಟ್ಟು ಕೊಟ್ಟರು. ನನ್ನವಳು ಮಗಳ ಮನೆಯಲ್ಲಿ ಕಲಿತ ಹರಕು ಮುರುಕು ಜರ್ಮನ್, ನನ್ನ ಬ್ಯಾಂಕಿನ ಇಂಗ್ಲಿಷ್, ಎರಡೂ ಸೇರಿ ಮಾತು ನಡೆಯಿತು. ಅವರಿಬ್ಬರು ತಮ್ಮೊಳಗೆ ಅಲ್ಸೇಶಿಯನ್ ಮಾತಾಡುತ್ತಿದ್ದರು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗನನ್ನು ಕರೆಯುವಾಗ ಫ್ರೆಂಚ್. ನನ್ನವಳು ಕಾರಣ ಕೇಳಿದಳು.

ಆ ಅಮ್ಮ ಹೇಳಿದ್ದರ ಸಾರ ಇಷ್ಟು. ಯುದ್ಧ ಮುಗಿದ ಮೇಲೆ ಅವರ ಮನೆಮಾತು ಶತ್ರುವಿನ ಮಾತಿನಂತೆ ಕಾಣತೊಡಗಿತು. ಫ್ರೆಂಚ್ ಮಾತಾಡುವುದೇ ನಾಜೂಕು ಎಂದು ಗೋಡೆಗಳಲ್ಲಿ ಭಿತ್ತಿಪತ್ರ ಇರುತ್ತಿತ್ತು. ಶಾಲೆಯ ಅಂಗಳದಲ್ಲಿ ಅಲ್ಸೇಶಿಯನ್ ಬಾಯಿಗೆ ಬಂದರೆ ಶಿಕ್ಷೆ. ತನಗೆ ಆದದ್ದು ಮಕ್ಕಳಿಗೆ ಆಗಬಾರದೆಂದು ಇವರು ಮಕ್ಕಳೊಡನೆ ಫ್ರೆಂಚ್ ಮಾತಾಡಿದರು. ಯಾರೂ ಬಲವಂತ ಮಾಡಿದ್ದಲ್ಲ, ಪ್ರೀತಿಯಿಂದಲೇ ಮಾಡಿದ್ದು. ಹಾಗೆ ಅಲ್ಸೇಶಿಯನ್ ಎಂಬುದು ಗಂಡ ಹೆಂಡತಿಯ ನಡುವಿನ ಮಾತಾಗಿ ಉಳಿಯಿತು. ಜಗಳಕ್ಕೆ, ಗುಟ್ಟಿಗೆ, ರಾತ್ರಿ ದೀಪ ಆರಿಸಿದ ಮೇಲಿನ ಮಾತಿಗೆ. ಆಮೇಲೆ ಅವರೆಂದರು: “ನನ್ನ ಅಕ್ಕನ ಗಂಡ ತೀರಿಹೋದರು. ಅಕ್ಕ ಈಗ ಬೆಕ್ಕಿನ ಹತ್ತಿರ ಮಾತ್ರ ಅಲ್ಸೇಶಿಯನ್ ಮಾತಾಡ್ತಾಳೆ.” ಅವರ ಗಂಡ ಅಷ್ಟರಲ್ಲಿ ಬಂದು ಏನೋ ಹೇಳಿದರು, ಇಬ್ಬರೂ ನಕ್ಕರು. ಏನೆಂದು ನಾವು ಕೇಳಲಿಲ್ಲ.

ಇದು ಒಂದು ಮನೆಯ ಮಾತಲ್ಲ. 2012ರಲ್ಲಿ ಅಲ್ಸಾಸಿನಲ್ಲಿ ಒಂದು ಸಮೀಕ್ಷೆ ನಡೆಯಿತು. 60 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 74 ಮಂದಿಗೆ ಅಲ್ಸೇಶಿಯನ್ ಬರುತ್ತದೆ. 30ರಿಂದ 44ರವರಲ್ಲಿ 24 ಮಂದಿಗೆ. 3ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 3. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಠೇವಣಿ ದೊಡ್ಡದಿದೆ, ಹೊಸ ಜಮೆ ನಿಂತುಹೋಗಿದೆ. ಅಂಥ ಖಾತೆಯ ಗತಿ ಏನಾಗುತ್ತದೆಂದು ಯಾವ ಗುಮಾಸ್ತನಿಗೂ ಗೊತ್ತು. ಈಚೆಗೆ ಅವರೂ ಎಚ್ಚೆತ್ತಿದ್ದಾರೆ. 1991ರಿಂದ ತಂದೆ ತಾಯಿಯರ ಸಂಘವೊಂದು ಎರಡು ಭಾಷೆಯ ಶಾಲೆಗಳನ್ನು ನಡೆಸುತ್ತಿದೆ. ಕೆಲವು ತರಗತಿಗಳಲ್ಲಿ ಚಿಕ್ಕ ಮಕ್ಕಳಿಗೆ ಅಲ್ಸೇಶಿಯನ್ನಿನಲ್ಲೇ ಕಲಿಸುತ್ತಾರೆ. ಕೊಕ್ಕರೆಗಳನ್ನು ತಿರುಗಿ ತಂದ ಜನ ಇದನ್ನೂ ತಂದಾರೋ ಏನೋ.

ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ನಾನು ಕೆಲಸ ಮಾಡಿದ ಶಾಖೆಯ ಕೌಂಟರು ನೆನಪಾಯಿತು. ಪಿಂಚಣಿಯ ದಿನ ಒಳನಾಡಿನ ಅಜ್ಜಿಯಂದಿರು ಬರುತ್ತಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಗೊತ್ತಿಲ್ಲ. ಚಲನ್‌ಗಳನ್ನು ನಾನು ಬರೆದು ಕೊಡುತ್ತಿದ್ದೆ, ಅವರು ಗುಂಡು ಗುಂಡಾಗಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ನಾನು ನಿವೃತ್ತನಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು ಬರತೊಡಗಿದ್ದರು. ಮಾತಿಗೆ ಕನ್ನಡ ಇತ್ತು, ಸಹಿಗೆ ಇರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಕೊಲ್ಮಾರ್. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಬಾರ್ತೋಲ್ದಿ ಹುಟ್ಟಿದ್ದು ಇಲ್ಲಿ, 1834ರಲ್ಲಿ. ಊರಿನ ಉತ್ತರದ ಬಾಗಿಲಿನಲ್ಲಿ ಅದೇ ಪ್ರತಿಮೆಯ 12 ಮೀಟರ್ ಎತ್ತರದ ನಕಲು ಇದೆ. ಪೇಟೆಯ ನಡುವೆ 1480ರ ಕಾಲದ ಸುಂಕದ ಕಟ್ಟೆ. ಲೌಖ್ ಎಂಬ ಚಿಕ್ಕ ಹೊಳೆಯ ಎರಡೂ ಬದಿ ಹಳದಿ, ಹಸುರು, ನಸುಗೆಂಪು ಬಣ್ಣದ ಮನೆಗಳು. ಅಲ್ಲಿ ದೋಣಿಯಲ್ಲಿ ಅರ್ಧ ಗಂಟೆ ತಿರುಗಿದೆವು. ಎದುರಿನ ಹಲಗೆಯಲ್ಲಿ ಇಪ್ಪತ್ತೈದರ ಜೋಡಿಯೊಂದು ಕೂತಿತ್ತು. ಅವರು ನಮ್ಮ ಫೋಟೋ ತೆಗೆದರು, ನಾವು ಅವರದ್ದು ತೆಗೆದೆವು.

ಅಲ್ಲಿಂದ ಮುಲೂಸ್ 40 ಕಿ.ಮೀ. ಚಿಲ್ಲರೆ. ಜರ್ಮನರಿಗೆ ಅದು ಮ್ಯುಲ್‌ಹೌಸನ್. ಇದು ಬಟ್ಟೆ ಗಿರಣಿಗಳ ಊರು. ಭಾರತದಿಂದ ಹೋಗುತ್ತಿದ್ದ ಹೂವಿನ ಅಚ್ಚಿನ ಹತ್ತಿ ಬಟ್ಟೆಗೆ ಯುರೋಪಿನ ಹೆಂಗಸರು ಮರುಳಾಗಿದ್ದರು. ತನ್ನ ನೇಕಾರರಿಗೆ ಪೆಟ್ಟು ಬೀಳುತ್ತದೆಂದು ಫ್ರಾನ್ಸಿನ ಸರಕಾರ 1686ರಲ್ಲಿ ಆ ಬಟ್ಟೆಯನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಮುಲೂಸ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ, ಅದು ಸೇರಿದ್ದು 1798ರಲ್ಲಿ. ಗಡಿಯಾಚೆಯ ಊರಿಗೆ ನಿಷೇಧ ತಟ್ಟುವುದಿಲ್ಲವಲ್ಲ. 1746ರಲ್ಲಿ ಅಲ್ಲಿ ನಮ್ಮ ಮಾದರಿಯ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ಶುರುವಾಯಿತು, ಅದರಿಂದಲೇ ಊರು ಬೆಳೆಯಿತು. ಆ ಬಟ್ಟೆಗೆ ಫ್ರೆಂಚಿನಲ್ಲಿ ಆಂದಿಯೆನ್ ಎನ್ನುತ್ತಾರೆ. ಭಾರತದ ಹೆಂಗಸಿಗೂ ಅದೇ ಶಬ್ದ. ಹೂವಿನ ಹತ್ತಿ ಸೀರೆ ಉಟ್ಟಿದ್ದ ನನ್ನವಳಿಗೆ ಇದನ್ನು ಹೇಳಿದಾಗ, “ಹಾಗಾದರೆ ನಾನು ಎರಡು ಸಲ ಆಂದಿಯೆನ್” ಎಂದಳು.

ಮುಲೂಸಿನಿಂದ 30 ಕಿ.ಮೀ. ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್. ನಮ್ಮ ಮಾಡಿಗೆ ಹೆಂಚು ಕಲಿಸಿದ ಬಾಸೆಲ್ ಮಿಶನ್ನಿನ ಊರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನವರೇ ಆದ ಗುಂಡರ್ಟ್ 1872ರಲ್ಲಿ ಮಲಯಾಳಕ್ಕೆ ನಿಘಂಟು ಕೊಟ್ಟರು, ಕಿಟೆಲ್ 1894ರಲ್ಲಿ ಕನ್ನಡಕ್ಕೆ ಕೊಟ್ಟರು. ಇಬ್ಬರೂ ಜರ್ಮನರು. ಕಾಸರಗೋಡಿನವನ ಮನೆಯ ಕಪಾಟಿನಲ್ಲಿ ಎರಡೂ ಒಟ್ಟಿಗೆ ಇರಬಹುದು, ಒಂದು ಇನ್ನೊಂದನ್ನು ನೂಕುವುದಿಲ್ಲ. ಮಲಯಾಳ ಕಲಿತದ್ದರಿಂದ ನಮಗೆ ನಷ್ಟವಾಗಲಿಲ್ಲ. ಬ್ಯಾಂಕಿನಲ್ಲಿ ನನ್ನ ಅನ್ನ ಅದರಿಂದಲೂ ಬಂದಿದೆ. ಆ ಹಳ್ಳಿಯ ಅಮ್ಮನ ಮನೆಯಲ್ಲಿಯೂ ಫ್ರೆಂಚ್ ಬಂದದ್ದರಿಂದ ಅಲ್ಸೇಶಿಯನ್ ಹೋಗಲಿಲ್ಲ. ಮಗುವನ್ನು ಕರೆಯುವಾಗ ಅದನ್ನು ಬಿಟ್ಟದ್ದರಿಂದ ಹೋಯಿತು. ಗಡಿ ನಾಲ್ಕು ಸಲ ಬದಲಾದಾಗಲೂ ಉಳಿದಿದ್ದ ಮಾತು ಅದು.

ಆದಿತ್ಯವಾರ ಅಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಬುತ್ತಿ ಜೊತೆಗಿರಲಿ. ನಾವು ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ, ನನ್ನವಳು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ತಿಂದೆವು. ರೈನ್ ನದಿಯನ್ನು ಪುನಃ ದಾಟಿ ಕಾರ್ಲ್ಸ್‌ರೂಹೆಗೆ ಬಂದಾಗ ರಾತ್ರಿ ಒಂಬತ್ತು. ಮೇ ತಿಂಗಳಾದ್ದರಿಂದ ಇನ್ನೂ ಬೆಳಕಿತ್ತು.

ನಾಲ್ಕು ವರ್ಷದ ಮೊಮ್ಮಗ ಮಲಗದೆ ಕಾಯುತ್ತಿದ್ದ. ಅಜ್ಜಿ ಅವನನ್ನು ಮಡಿಲಿಗೆ ಎಳೆದುಕೊಂಡು ಕೊಕ್ಕರೆಯ ಕಥೆ ಹೇಳತೊಡಗಿದಳು, ಕನ್ನಡದಲ್ಲಿ. ಅವನು ಶಿಶುವಿಹಾರದ ಜರ್ಮನಿನಲ್ಲಿ ಪ್ರಶ್ನೆ ಕೇಳಿದ. ಹಿಂದಿನ ವಾರದವರೆಗೆ ಅವಳು ತನಗೆ ಬಂದಷ್ಟು ಜರ್ಮನಿನಲ್ಲೇ ಉತ್ತರಿಸುತ್ತಿದ್ದಳು, ಮಗುವಿಗೆ ಸುಲಭವಾಗಲಿ ಎಂದು. ಆ ದಿನ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವನು ಪುನಃ ಜರ್ಮನಿನಲ್ಲಿ ಕೇಳಿದ, ಅವಳು ಪುನಃ ಕನ್ನಡದಲ್ಲಿ ಹೇಳಿದಳು. ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ನಿದ್ದೆಗಣ್ಣಿನಲ್ಲಿ ಅವನು ಕೇಳಿದ: “ಅಜ್ಜಿ, ಕೊಕ್ಕರೆಗೆ ಚಳಿ ಆಗುದಿಲ್ವಾ?”

ಕೇಳುಗರೇ, ನಿಮ್ಮ ಮನೆಯಲ್ಲೂ ಇಬ್ಬರೇ ಉಳಿದಿದ್ದರೆ, ಕೈಯಲ್ಲಿ ನಾಲ್ಕು ಕಾಸು ಇದ್ದರೆ, ಎಲ್ಲಿಗಾದರೂ ಒಮ್ಮೆ ಹೋಗಿ ಬನ್ನಿ. ಫ್ರಾನ್ಸೇ ಆಗಬೇಕೆಂದಿಲ್ಲ, ರಾಣಿಪುರವಾದರೂ ಆದೀತು. ದಾರಿಯುದ್ದಕ್ಕೂ ಮಾತಾಡಿ. ಮರಳಿ ಬಂದ ಮೇಲೆ ಆ ಕಥೆಯನ್ನು ಮೊಮ್ಮಕ್ಕಳಿಗೂ ಹೇಳಿ, ಅವರು ಯಾವ ಭಾಷೆಯಲ್ಲಿ ಕೇಳಿದರೂ ನಿಮ್ಮ ಭಾಷೆಯಲ್ಲೇ ಹೇಳಿ.